ಸುಸ್ತಿನ ಪ್ಯಾಕೇಜ್: ರಕ್ತ ಪರೀಕ್ಷೆಗೆ ಹೋಗಿ, ಟ್ರೆಡ್‌ಮಿಲ್‌ಗೆ ಬೇಡ

ಜಯನಗರದ ಕಡೆಯ ಒಂದು ಕ್ಲಿನಿಕ್. ಹೆಸರು ಬರೆಯುವುದಿಲ್ಲ. ಕ್ರಾನಿಕ್ ಫಟೀಗ್ ಸಿಂಡ್ರೋಮ್, ಅಂದರೆ ತಿಂಗಳುಗಟ್ಟಲೆ ಬಿಡದ ವಿಪರೀತ ಸುಸ್ತಿನ ಕಾಯಿಲೆ ಇರುವವರಿಗೆ ಮಾತ್ರ ಈ ರಿವ್ಯೂ, ಮಂಡಿ ನೋವಿಗೆ ಹೋಗುವವರು ಆರಾಮಾಗಿ ಹೋಗಿ.

ಚೆನ್ನಾಗಿರುವುದು ಮೊದಲು. ಲಿಫ್ಟ್ ಇದೆ, ಕಾಯುವ ಜಾಗದಲ್ಲಿ ಟಿವಿ ಕಿರುಚುವುದಿಲ್ಲ. ಡಾಕ್ಟರು ಪೂರ್ತಿ ಕೇಳಿಸಿಕೊಂಡರು. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಶುಗರ್ ಎಲ್ಲ ನೋಡಿಸಿದರು. ‘ಟೆನ್ಷನ್ ಅಷ್ಟೇ ಅಮ್ಮ, ಯೋಗ ಮಾಡಿ’ ಎಂದು ಸಾಗಹಾಕುವವರನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ತಕರಾರು ಇರುವುದು ಪ್ಯಾಕೇಜ್ ಬಗ್ಗೆ. ಟ್ರೆಡ್‌ಮಿಲ್ ಮೇಲಿನ ಹೊತ್ತನ್ನು ವಾರವಾರ ಏರಿಸುತ್ತಾ ಹೋಗುತ್ತಾರೆ, ಜೊತೆಗೆ ಕೌನ್ಸೆಲಿಂಗ್, ದುಡ್ಡು ಮಾತ್ರ ಮುಂಗಡ. ಇದರಿಂದ ಗುಣವಾಗುತ್ತಾ ಎಂದು ಕೇಳಿದರೆ ‘ಲಾನ್ಸೆಟ್‌ನಲ್ಲೇ ಬಂದಿದೆ ಮೇಡಂ, ಸರ್ಕಾರದ ದುಡ್ಡಲ್ಲಿ ನಡೆದ ರಿಸರ್ಚು’ ಎಂದರು.

ಅದು ಪೇಸ್ ಅಧ್ಯಯನ. ಬ್ರಿಟನ್ನಿನದು, 641 ರೋಗಿಗಳು, 2011ರಲ್ಲಿ ಲಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹೀಗೆ ಏರಿಸುವ ವ್ಯಾಯಾಮ, ಕೌನ್ಸೆಲಿಂಗ್ ಈ ಕಾಯಿಲೆಗೆ ಸಹಾಯ ಮಾಡುತ್ತವೆ ಎಂದಿದ್ದು ಅದೇ. ನಮ್ಮಂಥವರು ಅದರ ಹೆಸರು ಕೇಳಿದರೇ ಮುಖ ಸಿಂಡರಿಸುವುದು ಯಾಕೆ ಅಂದರೆ, ಓಡಾಟದ ಶಕ್ತಿಗೆ ನೂರಕ್ಕೆ ಇಷ್ಟು ಅಂತ ಅಂಕ ಕೊಡುವ ಒಂದು ಪ್ರಶ್ನಾವಳಿ ಇತ್ತು, ಅದರಲ್ಲಿ 65 ಅಥವಾ ಅದಕ್ಕಿಂತ ಕಡಿಮೆ ಬಂದವರನ್ನೇ ಕಾಯಿಲೆಯವರೆಂದು ಸೇರಿಸಿಕೊಂಡರು. ಗುಣವಾದರು ಎನ್ನಲು 85 ಬೇಕು ಎಂದು ಮೊದಲು ಬರೆದುಕೊಂಡಿದ್ದರು. 2013ರಲ್ಲಿ ಗುಣವಾದವರ ಲೆಕ್ಕ ಪ್ರಕಟಿಸುವಾಗ ಅದು 60ಕ್ಕೆ ಇಳಿದಿತ್ತು! ಬೇರೆ ಷರತ್ತುಗಳೂ ಇದ್ದವು, ನಿಜ. ಆದರೂ ಸೇರುವಾಗಿನದಕ್ಕಿಂತ ಕೆಳಗಿಳಿದವರೂ ಈ ಒಂದು ಅಳತೆಯಲ್ಲಿ ಪಾಸು, ಅಲ್ವಾ?

ಮೂಲ ಅಂಕಿಅಂಶ ಕೊಡಿ ಎಂದರೆ ಅಧ್ಯಯನ ನಡೆಸಿದ ವಿಶ್ವವಿದ್ಯಾಲಯ ಕೊಡಲಿಲ್ಲ. ನಮ್ಮ ಆರ್‌ಟಿಐ ತರಹದ ಅಲ್ಲಿನ ಕಾನೂನಿನಡಿ ಆಸ್ಟ್ರೇಲಿಯಾದ ಒಬ್ಬ ರೋಗಿ ಹೋರಾಡಿದ ಮೇಲೆ 2016ರಲ್ಲಿ ನ್ಯಾಯಮಂಡಳಿ ಕೊಡಿಸಿತು. ಮೊದಲಿನ ಅಳತೆಯಲ್ಲೇ ಲೆಕ್ಕ ಹಾಕಿದಾಗ ಗುಣವಾದವರ ಸಂಖ್ಯೆ ತುಂಬಾ ಕುಸಿಯಿತು. 2021ರಲ್ಲಿ ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಡಾಕ್ಟರುಗಳಿಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯೇ ಹೀಗೆ ಏರಿಸುತ್ತಾ ಹೋಗುವ ವ್ಯಾಯಾಮ ಕೊಡಬೇಡಿ ಎಂದಿತು.

ಇದನ್ನು ಹೇಳಿದ್ದಕ್ಕೆ ‘ಗೂಗಲ್ ಜಾಸ್ತಿ ನೋಡಬೇಡಿ’ ಎಂಬ ಉತ್ತರ.

ಕ್ಲಿನಿಕ್ಕಿನ ರಿಜಿಸ್ಟರಿನಲ್ಲಂತೂ ನನ್ನ ಪ್ರಗತಿ ಚೆನ್ನಾಗಿಯೇ ಇತ್ತು. ಈ ಕಾಯಿಲೆಯಲ್ಲಿ ದಣಿವಿನ ಹೊಡೆತ ಬೀಳುವುದು ಎಷ್ಟೋ ಸಲ ಮರುದಿನ, ಇಲ್ಲವೇ ಅದರ ಮರುದಿನ. ಅವರು ಫಾರ್ಮ್ ತುಂಬಿಸುವುದು ಟ್ರೆಡ್‌ಮಿಲ್ ಇಳಿದ ಕೂಡಲೇ. ಮನೆಯಲ್ಲಿ ತಲೆ ಬಾಚಿಕೊಳ್ಳಲೂ ಆಗದೆ ಮಲಗಿದ್ದಕ್ಕೆ ಅದರಲ್ಲಿ ಕಾಲಂ ಇಲ್ಲ, ಬರಲಾಗದ ದಿನಕ್ಕೆ ‘ಗೈರು’ ಅಂತ ಬರೆದುಕೊಂಡರು ಅಷ್ಟೇ. ಫಿಸಿಯೋ ಹುಡುಗಿ ಪಾಪ ಒಳ್ಳೆಯವಳು, ವಿಷಯ ತಿಳಿಸಿದ ಮೇಲೆ ತಾನೇ ಹೊತ್ತು ಕಡಿಮೆ ಮಾಡಿದಳು. ಅದಕ್ಕೆ ಬೈಸಿಕೊಂಡಳು ಅನಿಸುತ್ತೆ.

ರಕ್ತ ಪರೀಕ್ಷೆ, ಡಾಕ್ಟರ ಮೊದಲ ಭೇಟಿಗೆ ನಾಲ್ಕು ಸ್ಟಾರ್. ಪ್ಯಾಕೇಜಿಗೆ ಒಂದು, ಅದೂ ಆ ಹುಡುಗಿಗೆ. ಮುಂಗಡದಲ್ಲಿ ಉಳಿದ ದುಡ್ಡು ‘ಪ್ರೋಸೆಸ್‌ನಲ್ಲಿದೆ’ ಅನ್ನುತ್ತಲೇ ಇದ್ದಾರೆ.