ಅಂಬಾಸಿಡರ್ ರಾಕರ್ ಶಾಫ್ಟ್: ಮೂರು ದಾರಿ, ನನ್ನ ಆಯ್ಕೆ ಒಂದು

ಹಳೇ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಬಿಚ್ಚಿದಾಗ ರಾಕರ್ ಶಾಫ್ಟ್ (ವಾಲ್ವ್ ಒತ್ತುವ ರಾಕರ್ ಎಂಬ ಸಣ್ಣ ತೋಳುಗಳು ಕೂರುವ ಕಂಬಿ) ಮೇಲಿಂದ ಚೆನ್ನಾಗಿಯೇ ಕಾಣುತ್ತದೆ. ಹೊರಗೆ ತೆಗೆದು ಅಡಿಭಾಗದ ಮೇಲೆ ಉಗುರು ಆಡಿಸಿ ನೋಡಿ. ರಾಕರ್ ಕೂರುವ ಜಾಗದಲ್ಲೆಲ್ಲ ಉಗುರು ಸಿಕ್ಕಿಕೊಳ್ಳುತ್ತದೆ. ರಾಕರ್‌ನ ಒಂದು ತುದಿಗೆ ಕೆಳಗಿನಿಂದ ತಳ್ಳುವ ಪುಶ್‌ರಾಡ್ ಕಡ್ಡಿ, ಇನ್ನೊಂದಕ್ಕೆ ವಾಲ್ವ್ ಸ್ಪ್ರಿಂಗ್, ಎರಡೂ ರಾಕರನ್ನು ಮೇಲಕ್ಕೇ ಒತ್ತುತ್ತವೆ. ಅದಕ್ಕೇ ಶಾಫ್ಟ್ ಕೆಳಗಡೆ ಸವೆಯುತ್ತದೆ. ಟ್ಯಾಪೆಟ್ (ರಾಕರ್ ಮತ್ತು ವಾಲ್ವ್ ನಡುವಿನ ಸಂದು) ಎಷ್ಟು ಸೆಟ್ ಮಾಡಿದರೂ ಟಕಟಕ ಸದ್ದು ನಿಲ್ಲುವುದಿಲ್ಲ.

ಹುಬ್ಬಳ್ಳಿಯಲ್ಲಿ ನನ್ನ ಕಾರು, ಗೆಳೆಯರ ಕಾರು ಅಂತ ಎಂಜಿನ್ ಕಟ್ಟುವಾಗ ಇದಕ್ಕೆ ಮೂರು ದಾರಿ ನೋಡಿದ್ದೇನೆ.

ಮೊದಲನೆಯದು ಅಗ್ಗದ ಹೊಸ ಶಾಫ್ಟ್. ಹಾಕುವ ಮುಂಚೆ ತುದಿಯಲ್ಲಿ ಸಣ್ಣ ಅರ ಉಜ್ಜಿ ನೋಡಿ. ಗಟ್ಟಿ ಶಾಫ್ಟ್ ಮೇಲೆ ಅರ ಜಾರಿ ಹೋಗುತ್ತದೆ, ಮೆತ್ತನೆಯದಾದರೆ ಕಚ್ಚಿ ಪುಡಿ ಉದುರಿಸುತ್ತದೆ. ಗೆಳೆಯನ ಕಾರಿಗೆ ಹಾಕಿದ್ದು ಪುಡಿ ಉದುರಿಸಿದ ಜಾತಿ. ಬೇಸಿಗೆ ಮುಗಿಯುವಷ್ಟರಲ್ಲಿ ಸದ್ದು ವಾಪಸ್ ಬಂತು.

ಎರಡನೆಯದು ಹಳೇ ಶಾಫ್ಟನ್ನೇ ಗ್ರೈಂಡ್ ಮಾಡಿ, ಹಾರ್ಡ್ ಕ್ರೋಮ್ ಲೇಪ ಹೊಡೆಸಿ, ಮತ್ತೆ ಸೈಜಿಗೆ ತರುವುದು. ಕೆಲಸ ನೀಟಾಗಿದ್ದರೆ ಮೇಲ್ಮೈ ಬಹಳ ಗಟ್ಟಿ. ಆದರೆ ಎಣ್ಣೆ ತೂತುಗಳ ಅಂಚನ್ನು ಮೊದಲೇ ನಯ ಮಾಡದಿದ್ದರೆ ಕ್ರೋಮ್ ಅಲ್ಲಿಂದಲೇ ಚಕ್ಕೆ ಏಳುತ್ತದೆ. ಆ ಚಕ್ಕೆ ಎಣ್ಣೆಯಲ್ಲಿ ಓಡಾಡುವುದು ಯಾರಿಗೆ ಬೇಕು?

ಮೂರನೆಯದು ಹಾರ್ಡನ್ ಮಾಡಿದ ಹೊಸ ಶಾಫ್ಟ್, ಜೊತೆಗೆ ರಾಕರ್‌ಗಳಿಗೆ ಹೊಸ ಕಂಚಿನ ಬುಷ್ (ಶಾಫ್ಟ್ ಸುತ್ತ ಕೂರುವ ಒಳಬಳೆ). ನನ್ನ ಮತ ಇದಕ್ಕೆ. ಗೋಕುಲ ರೋಡಿನ ಲೇತ್ ಮಿಸ್ತ್ರಿ ಮೊದಲ ದಿನವೇ ಹೇಳಿದ್ದರು: "ಬುಷ್ ಹಳೇದು ಇಟ್ಟು ಶಾಫ್ಟ್ ಅಷ್ಟ ಹೊಸಾದು ಹಾಕಿದ್ರ ಏನ್ ಉಪಯೋಗ್ರೀ ಸರ?" ನಿಜ. ಸವೆದು ಅಂಡಾಕಾರವಾದ ಬುಷ್ ಒಳಗೆ ಎಷ್ಟು ಒಳ್ಳೆಯ ಶಾಫ್ಟ್ ಇದ್ದರೂ ಭಾರವೆಲ್ಲ ಒಂದೇ ಗೆರೆಯ ಮೇಲೆ ಬೀಳುತ್ತದೆ. ಶಾಫ್ಟ್ ದಪ್ಪ 0.625 ಇಂಚು, ಅಂದರೆ ಸುಮಾರು 15.87 ಮಿ.ಮೀ. ಬುಷ್ ಒತ್ತಿ ಕೂರಿಸಿ ರೀಮರ್ (ತೂತನ್ನು ಸರಿ ಅಳತೆಗೆ ತರುವ ಉಪಕರಣ) ಆಡಿಸಿದ ಮೇಲೆ ಒಂದು ಥೌ (ಇಂಚಿನ ಸಾವಿರದಲ್ಲೊಂದು ಭಾಗ) ಆಸುಪಾಸು ಸಡಿಲ ಇದ್ದರೆ ಸಾಕು. ಎಣ್ಣೆ ಹಚ್ಚಿದಾಗ ರಾಕರ್ ಸಲೀಸಾಗಿ ತಿರುಗಬೇಕು, ಅಲುಗಬಾರದು. ಹೊಸ ಬುಷ್‌ನಲ್ಲಿ ಎಣ್ಣೆ ತೂತನ್ನು ಮತ್ತೆ ಕೊರೆಸುವುದು ಮರೆಯಬೇಡಿ. ಅದು ಮುಚ್ಚಿ ಹೋದರೆ ಪುಶ್‌ರಾಡ್ ತುದಿಗೆ ಎಣ್ಣೆಯೇ ಸಿಗುವುದಿಲ್ಲ. ಖರ್ಚು ಮೂರರಲ್ಲಿ ಇದಕ್ಕೇ ಜಾಸ್ತಿ, ಮಿಸ್ತ್ರಿ ಕೈಗೆ ಸಮಯವೂ ಕೊಡಬೇಕು. ಆದರೆ ಇದನ್ನು ಹಾಕಿದ ಎಂಜಿನ್ ಈಗಲೂ ಸುಮ್ನೆ ಗುನುಗುತ್ತದೆ.

ಹಳೇ ಶಾಫ್ಟನ್ನೇ ಉಳಿಸಿಕೊಳ್ಳುವುದಾದರೆ ತುದಿಯ ಪ್ಲಗ್ ಬಿಚ್ಚಿ ಒಳಗೆ ತಂತಿ ಆಡಿಸಿ, ಸೀಮೆಎಣ್ಣೆಯಲ್ಲಿ ತೊಳೆಯಿರಿ. ಎಷ್ಟೋ ಶಾಫ್ಟ್‌ಗಳಿಂದ ಕಾಡಿಗೆಯಂಥ ಗಸಿ ಹೊರಬರುತ್ತದೆ. ಸವೆತಕ್ಕೆ ಅರ್ಧ ಕಾರಣ ಅದೇ.

ಹೊರಗಿನಿಂದ ಪೈಪ್ ಎಳೆದು ರಾಕರ್‌ಗೆ ಜಾಸ್ತಿ ಎಣ್ಣೆ ಕೊಡುವ ಉಪಾಯವನ್ನು ಧಾರವಾಡದ ಗೆಳೆಯರೊಬ್ಬರು ಮಾಡಿದ್ದಾರೆ. ಮೇಲೆ ಎಣ್ಣೆ ತುಂಬಿ, ಸವೆದ ವಾಲ್ವ್ ಗೈಡ್‌ಗಳಿಂದ (ವಾಲ್ವ್ ಕಡ್ಡಿ ಓಡಾಡುವ ಕೊಳವೆಗಳು) ಕೆಳಗಿಳಿದು, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ. ಒಳಗಿನ ದಾರಿ ಸ್ವಚ್ಛವಾಗಿದ್ದರೆ ಆ ಪೈಪ್ ಬೇಕಾಗುವುದೇ ಇಲ್ಲ.