ಪ್ರವಾಸದ ಬ್ಯಾಗಿಗೆ ಯಾವುದು? ಸ್ಟ್ರಾಪ್, ಸ್ಕಿಪ್ಪಿಂಗ್ ಹಗ್ಗ, ರಬ್ಬರ್ ಬ್ಯಾಂಡ್: ನಾನು ಹೊತ್ತು ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ಪ್ರವಾಸದಲ್ಲಿ ವ್ಯಾಯಾಮಕ್ಕೆ ನನ್ನ ಓಟು ರಬ್ಬರ್ ಬ್ಯಾಂಡಿಗೆ, ಅಂದರೆ ಎಳೆದು ವ್ಯಾಯಾಮ ಮಾಡುವ ರಬ್ಬರ್ ಪಟ್ಟಿಗೆ. ಮೂರರಲ್ಲಿ ದುಬಾರಿಯದ್ದು ಸಸ್ಪೆನ್ಷನ್ ಸ್ಟ್ರಾಪ್. ನಾನು ಮೊದಲು ಕೊಂಡದ್ದೂ ಅದನ್ನೇ. ಆ ದುಡ್ಡಿಗೆ ನಾಲ್ಕೈದು ಬ್ಯಾಂಡ್ ಬರುತ್ತಿತ್ತು.

ಮನೆಯಲ್ಲಿ ಇದ್ದಾಗ ವಾರಕ್ಕೆ ಮೂರು ದಿನ ವ್ಯಾಯಾಮ ತಪ್ಪಿಸುವವಳಲ್ಲ. ರಜೆಗೆ ಹೊರಟರೆ ಮಾತ್ರ ಎಲ್ಲ ಬಂದ್. ಹತ್ತು ದಿನ ಬಿಟ್ಟರೆ ಮೈಬಲವೇನೂ ಕರಗಿ ಹೋಗುವುದಿಲ್ಲ, ಗೊತ್ತು. ಆದರೆ ವಾಪಸ್ ಬಂದ ಮೇಲೆ ಮತ್ತೆ ಶುರು ಮಾಡುವಷ್ಟರಲ್ಲಿ ನನಗೆ ಒಂದು ತಿಂಗಳು ಕಳೆದಿರುತ್ತದೆ. ಅದಕ್ಕೇ ಈ ಹುಡುಕಾಟ. ಜಾಸ್ತಿ ಏನೂ ಬೇಡ, ದಿನ ಬಿಟ್ಟು ದಿನ ಇಪ್ಪತ್ತು ನಿಮಿಷ ನಡೆದರೆ ಸಾಕು ಅಂದುಕೊಂಡೆ.

ಸ್ಟ್ರಾಪ್ ಅಂದರೆ ಎರಡು ಉದ್ದ ಪಟ್ಟಿ, ತುದಿಯಲ್ಲಿ ಹಿಡಿ, ಇನ್ನೊಂದು ತುದಿಯಲ್ಲಿ ದಪ್ಪನೆಯ ಮೆತ್ತನೆ ಗಂಟು. ಗಂಟನ್ನು ಬಾಗಿಲಿನ ಮೇಲಿಂದ ಆಚೆಗೆ ಹಾಕಿ, ಬಾಗಿಲು ಮುಚ್ಚಿ, ಈಚೆ ನಿಂತು ಹಿಡಿ ಹಿಡಿದು ಹಿಂದಕ್ಕೆ ವಾಲಬೇಕು. ಆಮೇಲೆ ನಮ್ಮ ಮೈಯನ್ನು ನಾವೇ ಎಳೆದುಕೊಳ್ಳಬೇಕು. ಮನೆಯಲ್ಲಿ ಸೊಗಸಾಗಿ ಕೆಲಸ ಮಾಡಿತು. ಬೆನ್ನಿಗೆ ಕೊಡುವ ಕೆಲಸದಲ್ಲಿ ಇವತ್ತಿಗೂ ಇದಕ್ಕೇ ಮೊದಲ ಸ್ಥಾನ ಕೊಡುತ್ತೇನೆ.

ಹೋಟೆಲ್ ಕೋಣೆಯಲ್ಲಿ ಮೊದಲ ಬೆಳಗ್ಗೆ ಗಂಟು ಸಿಕ್ಕಿಸಿ ವಾಲಿದೆ. ಬಾಗಿಲು ಒಂದು ಕೂದಲೆಳೆಯಷ್ಟು ನನ್ನ ಕಡೆ ಬಂದು 'ಟಕ್' ಅಂತ ನಿಂತಿತು. ಮತ್ತೆ ವಾಲಿದೆ, ಮತ್ತೆ 'ಟಕ್'. ಆಗ ಹೊಳೆಯಿತು: ಈ ಬಾಗಿಲು ಒಳಗಡೆ ತೆರೆಯುತ್ತದೆ. ನಾನು ಎಳೆಯುತ್ತಿರುವುದೂ ಒಳಗಡೆಗೇ. ಅಂದರೆ ನನ್ನ ಇಡೀ ಭಾರ ಹೆಬ್ಬೆರಳು ಗಾತ್ರದ ಬೀಗದ ನಾಲಿಗೆಯ ಮೇಲೆ ನಿಂತಿತ್ತು. ಅದು ಜಾರಿದರೆ ನಾನು ಬೆನ್ನ ಮೇಲೆ, ಬಾಗಿಲು ನನ್ನ ಕಡೆಗೆ.

ಸರಿಯಾದ ಕ್ರಮ ಏನು ಅಂದರೆ, ನಾವು ಎಳೆದಾಗ ಬಾಗಿಲು ಚೌಕಟ್ಟಿಗೆ ಒತ್ತಿಕೊಂಡು ಇನ್ನೂ ಗಟ್ಟಿಯಾಗಿ ಮುಚ್ಚಿಕೊಳ್ಳಬೇಕು. ಹೋಟೆಲ್ ಕೋಣೆಗಳ ಬಾಗಿಲು ಸಾಮಾನ್ಯವಾಗಿ ಒಳಗೇ ತೆರೆಯುತ್ತವೆ. ಹಾಗಾಗಿ ಸರಿಯಾದ ಕಡೆ ನಿಲ್ಲಬೇಕೆಂದರೆ ಕಾರಿಡಾರಿನಲ್ಲಿ ನಿಲ್ಲಬೇಕು! ಬೆಳಗ್ಗೆ ಆರೂವರೆಗೆ, ರಾತ್ರಿ ಬಟ್ಟೆಯಲ್ಲಿ, ಕೋಣೆಯ ಬಾಗಿಲಿಗೆ ಜೋತುಬಿದ್ದು. ಅಷ್ಟು ಧೈರ್ಯ ನನಗಿಲ್ಲ.

ಉಳಿದದ್ದು ಬಾತ್‌ರೂಮ್ ಬಾಗಿಲು. ಅದು ಬಾತ್‌ರೂಮಿನ ಒಳಗಡೆಗೆ ತೆರೆಯುತ್ತಿತ್ತು, ಆದ್ದರಿಂದ ಮಂಚದ ಕಡೆ ನಿಂತು ಎಳೆದರೆ ಗಟ್ಟಿ. ಆದರೆ ಕೋಣೆಯಲ್ಲಿ ನಾವು ನಾಲ್ಕು ಜನ, ಬಾತ್‌ರೂಮ್ ಒಂದೇ. ಸೆಟ್ ಮುಗಿಯುವವರೆಗೂ ಒಬ್ಬರು ಒಳಗೆ ಸಿಕ್ಕಿಕೊಂಡಿರುತ್ತಿದ್ದರು, ಇನ್ನೊಬ್ಬರು ಟವಲ್ ಹಿಡಿದು ನನ್ನ ಪಕ್ಕದಲ್ಲಿ ಕಾಯುತ್ತಿದ್ದರು. ಮೂರನೆಯ ದಿನ ಮನೆಯವರು ಏನೂ ಹೇಳಲಿಲ್ಲ, ಸುಮ್ನೆ ನೋಡಿದರು. ಅಲ್ಲಿಂದ ಮುಂದಿನ ಊರಿನ ಕೋಣೆಗೆ ಹೋದರೆ ಅಲ್ಲಿ ಬಾತ್‌ರೂಮಿಗೆ ಪಕ್ಕಕ್ಕೆ ಜಾರುವ ಗಾಜಿನ ಬಾಗಿಲು. ಸ್ಟ್ರಾಪ್ ಸೂಟ್‌ಕೇಸಿನ ತಳ ಸೇರಿತು. ಅಂದಹಾಗೆ, ಅದು ಮಡಚಿದರೂ ಒಂದು ಜೊತೆ ಶೂ ಕೂರುವಷ್ಟು ಜಾಗ ತಿನ್ನುತ್ತದೆ.

ಎರಡನೆಯ ಪ್ರವಾಸಕ್ಕೆ ಸ್ಕಿಪ್ಪಿಂಗ್ ಹಗ್ಗ. ಹಗುರ, ಅಗ್ಗ, ಹತ್ತು ನಿಮಿಷಕ್ಕೇ ಏದುಸಿರು. ಹಗ್ಗದ ನಡುವೆ ಒಂದು ಕಾಲಿಟ್ಟು ನಿಂತರೆ ಹಿಡಿಗಳು ಕಂಕುಳವರೆಗೆ ಬರಬೇಕು, ಅದೇ ಅಳತೆ. ಕೋಣೆಯಲ್ಲಿ ಆಗುವುದಿಲ್ಲ: ಮೇಲೆ ದೀಪ, ಕೆಳಗೆ ಮಲಗಿರುವ ಜನ. ಹೊರಗೆ ಹೋಗೋಣವೆಂದರೆ ಐದು ದಿನದಲ್ಲಿ ಮೂರು ದಿನ ಮಳೆ.

ಹಗ್ಗ ಸೋತದ್ದಕ್ಕೆ ಇನ್ನೊಂದು ಕಾರಣ ಇದೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಅದರ ಜೊತೆಗೆ ಕನಿಷ್ಠ 2 ದಿನ ಸ್ನಾಯುಗಳಿಗೆ ಕೆಲಸ ಬೇಕು ಅನ್ನುತ್ತದೆ. ಪ್ರವಾಸದಲ್ಲಿ ಮೊದಲನೆಯದು ನಡೆದು ನಡೆದೇ ಮುಗಿದುಹೋಗುತ್ತದೆ, ಸ್ವಲ್ಪ ಬಿರುಸಾಗಿ ನಡೆದರಾಯಿತು. ಬಿಟ್ಟುಹೋಗುವುದು ಎರಡನೆಯದು. ಹಗ್ಗ ಕೊಡುವುದು ಹೆಚ್ಚುಕಡಿಮೆ ನನ್ನ ಹತ್ತಿರ ಆಗಲೇ ಇದ್ದದ್ದನ್ನೇ.

ಮೂರನೆಯ ಸಲ ಚಪ್ಪಟೆ ಬ್ಯಾಂಡ್, ಕೊನೆಯಿಲ್ಲದ ಬಳೆಯಂಥದ್ದು, ಎಳೆಯದೆ ನೆಲದ ಮೇಲೆ ಹಾಸಿದರೆ 104 ಸೆಂಟಿಮೀಟರ್ ಉದ್ದ. ಇದಕ್ಕೆ ಬಾಗಿಲು ಬೇಡ, ಅಂಗಳ ಬೇಡ. ಕಾಲಡಿ ಹಾಕಿ ಮೇಲಕ್ಕೆ ಎಳೆದರೆ ಬೆನ್ನು, ಹೆಗಲಿಗೆ ಹಾಯಿಸಿ ಕೂತೆದ್ದರೆ ತೊಡೆ, ಬೆನ್ನ ಹಿಂದೆ ಹಾಯಿಸಿ ದಂಡ ಹೊಡೆದರೆ ಎದೆ. ಸಪ್ಪಳವೇ ಇಲ್ಲ. ಮಕ್ಕಳು ಏಳುವ ಮುಂಚೆ ಮಂಚ ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ಮುಗಿಸುತ್ತಿದ್ದೆ. ಎಂಟು ದಿನದಲ್ಲಿ ನಾಲ್ಕು ಸಲ. ಹಿಂದಿನ ಎರಡೂ ಪ್ರವಾಸ ಸೇರಿಸಿದರೂ ಅಷ್ಟಾಗಿರಲಿಲ್ಲ.

ಕೊರತೆ ಇಲ್ಲ ಅಂತಲ್ಲ. ಎಳೆತದ ಶುರುವಿನಲ್ಲಿ ಬ್ಯಾಂಡ್ ತೀರಾ ಸಡಿಲ, ಕೊನೆಯಲ್ಲಿ ಬಿಗಿ. ಭಾರ ಎತ್ತಿ ಪಳಗಿದವರ ಕಾಲಿಗೆ ಇದು ಸಾಲದು. ರಬ್ಬರಿಗೆ ಬಿಸಿಲೂ ಎಣ್ಣೆಯೂ ಆಗದು. ಸನ್‌ಸ್ಕ್ರೀನ್ ಹಚ್ಚಿದ ಕೈಯಲ್ಲೇ ಹಿಡಿದು, ಆಮೇಲೆ ಕಿಟಕಿ ಬಿಸಿಲಿಗೆ ಬಿಟ್ಟ ನನ್ನ ಮೊದಲ ಬ್ಯಾಂಡಿನ ಅಂಚಿನಲ್ಲಿ ಸಣ್ಣ ಸಣ್ಣ ಬಿರುಕು ಕಂಡವು. ಹಾಗೆ ಕಂಡರೆ ಎಸೆದುಬಿಡಿ, ಎಳೆದಾಗ ತುಂಡಾದರೆ ಮುಖಕ್ಕೇ ಬೀಳುತ್ತದೆ. ಲೇಟೆಕ್ಸ್ ಅಲರ್ಜಿ ಇರುವವರು ಲೇಟೆಕ್ಸ್ ಇಲ್ಲದ್ದನ್ನೇ ಕೇಳಿ ಕೊಳ್ಳಿ.

ಹೋಟೆಲ್ ಜಿಮ್? ಇದ್ದರೆ ಲಾಭ. ಅದನ್ನು ನಂಬಿ ಹೊರಡುವುದು ಬೇಡ.

ಊಟದ ವಿಷಯಕ್ಕೂ ಒಂದು ಹೋಲಿಕೆ ಸಿಕ್ಕಿತು. ಮೊದಲೆರಡು ಪ್ರವಾಸದಲ್ಲಿ ಬೆಳಗಿನ ಬಫೆ ಸೇರಿದ್ದ ಕೋಣೆ, ಮೂರನೆಯದರಲ್ಲಿ ಬಫೆ ಇಲ್ಲದ, ಸಣ್ಣ ಫ್ರಿಜ್ ಇದ್ದ ಕೋಣೆ. ಬಫೆಯಲ್ಲಿ ನಾನು ದುಡ್ಡು ಕೊಟ್ಟಾಗಿದೆಯಲ್ಲ ಅಂತ ತಿನ್ನುವವಳು. ಹಸಿವು ಮುಗಿದರೂ ತಟ್ಟೆ ಮುಗಿಯುತ್ತಿರಲಿಲ್ಲ. ಫ್ರಿಜ್ ಇದ್ದಾಗ ಬೆಳಗ್ಗೆ ಹಣ್ಣು, ಮೊಸರು, ಒಂದು ಹಿಡಿ ಬೀಜಗಳು. ಖರ್ಚೂ ಕಡಿಮೆ. ಮಧ್ಯಾಹ್ನ, ರಾತ್ರಿ ಊರಿನ ಊಟವನ್ನು ಮನಸ್ಸಿಟ್ಟು ತಿಂದೆ, ಲೆಕ್ಕ ಹಾಕಲಿಲ್ಲ. ಬಫೆಯಲ್ಲೂ ಅಳತೆ ತಪ್ಪದವರಿಗೆ ಈ ಮಾತು ಬೇಕಿಲ್ಲ ಬಿಡಿ.

ಸ್ಟ್ರಾಪ್ ಮಾರಲಿಲ್ಲ. ಮನೆಯ ಮಲಗುವ ಕೋಣೆಯ ಬಾಗಿಲು ಸರಿಯಾದ ಕಡೆಗೇ ತೆರೆಯುತ್ತದೆ, ಅಲ್ಲೇ ನೇತಾಡುತ್ತಿದೆ. ಹಗ್ಗ ಮಗಳ ಪಾಲಾಯಿತು. ಬ್ಯಾಂಡ್ ಮಾತ್ರ ಸೂಟ್‌ಕೇಸಿನಿಂದ ಹೊರಗೆ ಬಂದೇ ಇಲ್ಲ, ಒಂದು ಹಳೆಯ ಕಾಲುಚೀಲದೊಳಗೆ ಸುತ್ತಿಟ್ಟಿದ್ದೇನೆ. ಸನ್‌ಸ್ಕ್ರೀನ್ ಬಾಟಲಿ ಈಗ ಬೇರೆ ಚೀಲದಲ್ಲಿ.