ಪಿನ್ ಕಂದಕದಲ್ಲಿ, ಗುಮ್ಮಟ ತಲೆ ಮೇಲೆ: 199 ರೂಪಾಯಿ ಮ್ಯಾಪ್ ಆ್ಯಪ್ ಕಥೆ

ಮೊದಲೇ ಹೇಳ್ಬಿಡ್ತೀನಿ, ಆ್ಯಪ್ ಹೆಸರು ಹಾಕಲ್ಲ. ಹೊಗಳಿದ್ರೆ ದುಡ್ಡು ತಗೊಂಡು ಬರೆದಿದ್ದಾನೆ ಅಂತೀರ, ಬೈದ್ರೆ ಅವರ ಕಡೆಯೋರು ಇನ್‌ಬಾಕ್ಸಿಗೆ ಬರ್ತಾರೆ, ಎರಡೂ ಬೇಡ. ಹಳೇ ಮಸೀದಿ, ಗೋರಿ, ದರ್ಗಾಗಳನ್ನ ಒಳಗಿಂದ ಫೋಟೋ ತೆಗೆದು ತ್ರೀಡಿ ಮ್ಯಾಪ್ ಮಾಡಿ ಟೂರಿಸ್ಟುಗಳಿಗೆ ಕೊಡೋ ಆ್ಯಪ್ಪು, ಕಲಬುರಗಿ ವಿಜಯಪುರ ಎರಡೂ ಸೇರಿ 199 ರೂಪಾಯಿ. ಅಕ್ಕನ ಮನೆ ಕಲಬುರಗೀಲೇ ಇರೋದ್ರಿಂದ ಹೇಗೂ ಹೋಗೋದಿತ್ತು, ತಗೊಂಡೆ.

ಮೇ ತಿಂಗಳು, ಬೆಳಗ್ಗೆ ಹನ್ನೊಂದು ಗಂಟೆ, ಕಲಬುರಗಿ ಕೋಟೆ. ಆ ಬಿಸಿಲು ಕಂಡೋರಿಗೆ ಬಿಡಿಸಿ ಹೇಳೋದೇನಿಲ್ಲ. ಮನೇಲೇ ಡೌನ್‌ಲೋಡ್ ಮಾಡ್ಕೊಂಡು ಹೋಗ್ಬೇಕಿತ್ತು, ಬುದ್ಧಿ ಇರ್ಲಿಲ್ಲ, ರಸ್ತೇಲಿ ನಿಂತು ಶುರು ಮಾಡಿದೆ, ಅರ್ಧ ಆಗೋದ್ರೊಳಗೆ ಫೋನು ರೊಟ್ಟಿ ಹಂಚಿನಷ್ಟು ಕಾದು ಸ್ಕ್ರೀನ್ ತಾನೇ ಮಂಕಾಗೋಯ್ತು. ಸರಿ, ನೆರಳಲ್ಲಿ ನಿಂತು ಹೇಗೋ ಮುಗಿಸಿ 'ಪ್ರವೇಶ ದ್ವಾರಕ್ಕೆ ದಾರಿ' ಅನ್ನೋದನ್ನ ಒತ್ತಿದ್ರೆ ಪಿನ್ ಹೋಗಿ ಕೂತಿದ್ದು ಕಂದಕದ ಮಧ್ಯದಲ್ಲಿ. ನಮ್ಮ ಭಾವ ಬಗ್ಗಿ ನೋಡಿ, "ಏನ್ ತಮ್ಮಾ, ಈಜಿ ಬಾ ಅಂತ ಹೇಳ್ಲಾಕತ್ತದೇನು ಇದು?" ಅಂದ್ರು. ಆಮೇಲೆ ಅವರೇ ಕರ್ಕೊಂಡು ಹೋದ್ರು, ಚಿಕ್ಕೋರಾಗಿದ್ದಾಗ ಕ್ರಿಕೆಟ್ ಆಡಿದ ಜಾಗ ಅಂತೆ, ಮ್ಯಾಪ್ ಯಾಕೆ ಬೇಕು ಅವರಿಗೆ.

ಕೋಟೆ ಒಳಗಿರೋ ಜಾಮಾ ಮಸೀದಿ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಈ ಆ್ಯಪ್ ಏನಾದ್ರೂ ಒಂದು ಕಡೆ ದುಡ್ಡಿಗೆ ಮೋಸ ಮಾಡಿಲ್ಲ ಅಂದ್ರೆ ಅದು ಇಲ್ಲೇ. 1367ರದ್ದು, ಬಹಮನಿ ಕಾಲ, ಕಟ್ಟಿದೋನು ಇರಾನಿನ ಕಜ್ವೀನ್ ಕಡೆಯ ರಫೀ ಅಂತ ಅಲ್ಲಿನ ಶಾಸನ ಹೇಳತ್ತೆ. ಬೇರೆ ದೊಡ್ಡ ಮಸೀದಿಗಳಲ್ಲಿ ಮಧ್ಯೆ ತೆರೆದ ಅಂಗಳ ಇರತ್ತಲ್ವಾ, ಇಲ್ಲಿ ಅದೇ ಇಲ್ಲ, ಸುಮಾರು 216 ಅಡಿ ಉದ್ದ 176 ಅಡಿ ಅಗಲ, ಅಷ್ಟಕ್ಕೂ ಛಾವಣಿ. ಸ್ಯಾಟಲೈಟ್ ಫೋಟೋದಲ್ಲಿ ನೋಡಿ, ಪಡ್ಡಿನ ಹಂಚನ್ನ ಬೋರಲು ಹಾಕಿದ ಹಾಗೇ ಕಾಣತ್ತೆ, ಸಾಲು ಸಾಲು ಪುಟ್ಟ ಗುಮ್ಮಟ, ಮೂಲೆಗೊಂದು ಸ್ವಲ್ಪ ದೊಡ್ಡದು, ಪಶ್ಚಿಮಕ್ಕೆ ಎಲ್ಲಕ್ಕಿಂತ ಎತ್ತರದ್ದು ಒಂದು. ಮಾಮೂಲಿ ಮ್ಯಾಪಲ್ಲಿ ಇಷ್ಟೇ ಸಿಗೋದು. ಆದ್ರೆ ಇದು ಒಳಗಿಂದ ನೋಡ್ಬೇಕಾದ ಕಟ್ಟಡ ಸ್ವಾಮಿ, ಮೇಲಿಂದ ಅಲ್ಲ.

ಆ್ಯಪಲ್ಲಿ 'ಕತ್ತರಿಸಿ ನೋಡಿ' ಅಂತ ಒಂದು ಬಟನ್ ಇದೆ. ಬೆರಳಲ್ಲಿ ಎಳೆದ್ರೆ ಕಟ್ಟಡ ಕೇಕ್ ಥರ ಅಡ್ಡಕ್ಕೆ ಸೀಳ್ಕೊಳ್ಳತ್ತೆ. ಒಳಗಡೆ ಒಂದು ಕಂಬಕ್ಕೆ ಒರಗಿ ಕೂತು ಇಪ್ಪತ್ತು ನಿಮಿಷ ಅದರಲ್ಲೇ ಆಡಿದೀನಿ. (ಹೊರಗೆ ಕಾದಿದ್ದ ಫೋನು ಅಲ್ಲಿ ಕೂತ ಮೇಲೆ ತಣ್ಣಗಾಯ್ತು, ಅಷ್ಟು ತಂಪು ಆ ಕಮಾನಿನ ಕೆಳಗೆ.) ಒಳಗೆಲ್ಲ ಚೌಕ ಚೌಕಕ್ಕೊಂದು ಗುಮ್ಮಟ, ಆದ್ರೆ ಅಂಚಿನ ಮೂರು ಕಡೆ ಉದ್ದಕ್ಕೆ ಓಣಿ ಥರ ಹಾದಿ ಇದೆ, ಅಲ್ಲಿ ಕಮಾನು ತುಂಬಾ ಅಗಲ, ಕಾಲು ಮಾತ್ರ ಗಿಡ್ಡ, ಪೈಲ್ವಾನ ಕಾಲು ಅಗಲಿಸಿ ಕೂತ ಹಾಗೆ. ಅದರ ಮೇಲಿರೋದು ಗುಮ್ಮಟ ಅಲ್ಲ, ಕಮಾನು ಗಾಡಿ ಚಾವಣಿ ಥರ ಅಡ್ಡಡ್ಡಕ್ಕೆ ಬಾಗಿರೋ ಛಾವಣಿ. ಯಾಕೆ ಹೀಗೆ ಅಂತ ಸೀಳಿದ ಚಿತ್ರ ನೋಡಿದ್ಮೇಲೆ ನನಗೆ ತಲೆಗೆ ಹೋಗಿದ್ದು. ಗುಮ್ಮಟದ ಭಾರ ಕೆಳಕ್ಕಷ್ಟೇ ಅಲ್ಲ ಹೊರಕ್ಕೂ ತಳ್ಳತ್ತೆ, ಪಕ್ಕದ ಗುಮ್ಮಟ ಅದನ್ನ ವಾಪಸ್ ತಳ್ಳತ್ತೆ, ಜಾತ್ರೆ ನೂಕುನುಗ್ಗಲಲ್ಲಿ ಮಧ್ಯೆ ಇರೋರು ಬೀಳಲ್ವಲ್ಲ ಹಾಗೆ. ಬೀಳೋದು ಅಂಚಿನೋರು. ಅಂಚಿಗೇ ಈ ಪೈಲ್ವಾನರನ್ನ ಕೂರಿಸಿದಾರೆ. ಇದನ್ನ ಆ್ಯಪ್ ಎಲ್ಲೂ ಬಾಯ್ಬಿಟ್ಟು ಹೇಳಲ್ಲ, ಆದ್ರೆ ತೋರಿಸತ್ತೆ, ಅದಕ್ಕೇ 199 ಹೋಗ್ಲಿ ಅನ್ಸಿತು.

ಈಗ ಬೈಗುಳ. ಮಾಡೆಲ್ ತುಂಬಾ ತೂತು. ಬರೀ ಫೋಟೋ ಜೋಡಿಸಿ ತ್ರೀಡಿ ಮಾಡ್ಬೇಕಾದ್ರೆ ಪ್ರತಿ ಫೋಟೋದಲ್ಲೂ ಗುರುತು ಹಿಡಿಯೋಕೆ ಏನಾದ್ರೂ ಬೇಕು, ಬಿರುಕೋ ಕೆತ್ತನೆಯೋ ಕಲೆಯೋ. ಇಲ್ಲಿ ನೋಡಿದ್ರೆ ಎಲ್ಲ ಬಿಳೀ ಗಾರೆ, ನುಣುಪು, ಸಾಲದ್ದಕ್ಕೆ ಎಲ್ಲ ಚೌಕಾನೂ ಒಂದೇ ಥರ. ಸಾಫ್ಟ್‌ವೇರ್ ಪಾಪ ಯಾವುದು ಯಾವುದು ಅಂತ ಕನ್ಫ್ಯೂಸ್ ಆಗಿ ಒಂದು ಕಡೆ ಎರಡು ಕಂಬ ಒಂದರೊಳಗೊಂದು ಹೊಕ್ಕಿವೆ, ಹಲವು ಗುಮ್ಮಟದ ನೆತ್ತಿಯೇ ಮಾಯ. ಇಂಥ ಕಡೆ ಲೇಸರ್ ಸ್ಕ್ಯಾನರ್ ಇಟ್ಟು ಅಳೀಬೇಕು, ಅದು ಗೋಡೆ ಬೋಳಾಗಿದ್ರೂ ತಲೆ ಕೆಡಿಸ್ಕೊಳ್ಳಲ್ಲ. ಬೆಂಗಳೂರಲ್ಲಿ ಮಿಥಿಕ್ ಸೊಸೈಟಿಯವರು ಶಾಸನಗಳನ್ನ ತ್ರೀಡಿ ಸ್ಕ್ಯಾನ್ ಮಾಡಿ ಇಡ್ತಿರೋದು ನೋಡಿದೀರಲ್ಲ, ಬರಿಗಣ್ಣಿಗೆ ಕಾಣದ ಅಕ್ಷರಾನೂ ಎದ್ದು ಬರತ್ತೆ, ಆ ಲೆವೆಲ್ ನಾನು ಕೇಳ್ತಿಲ್ಲ, ನೆತ್ತಿ ಇರೋ ಗುಮ್ಮಟ ಕೊಡಿ ಸಾಕು.

ಮತ್ತೆ ಜಿಪಿಎಸ್. ಅಷ್ಟು ದಪ್ಪ ಕಲ್ಲು ಗಾರೆ ಛಾವಣಿ ಕೆಳಗೆ ಸಿಗ್ನಲ್ ಎಲ್ಲಿಂದ ಬರ್ಬೇಕು, ನಾನು ಮಸೀದಿ ಮಧ್ಯೆ ನಿಂತಿದ್ರೆ ನೀಲಿ ಚುಕ್ಕೆ ಕೋಟೆ ಹೊರಗಡೆ ವಾಕಿಂಗ್ ಹೋಗಿತ್ತು. ಆ ಕಂಬಗಳಿಗೆ ಆ್ಯಪ್ ಒಳಗೇ ಥಿಯೇಟರ್ ಸೀಟ್ ಥರ ನಂಬರ್ ಕೊಟ್ಟು, 'ಬಾಗಿಲಿಂದ ಮೂರನೇ ಸಾಲು ಐದನೇ ಕಂಬದ ಹತ್ರ ನಿಂತು ಮೇಲೆ ನೋಡಿ' ಅಂದಿದ್ರೆ ಜಿಪಿಎಸ್ಸೇ ಬೇಕಿರ್ಲಿಲ್ಲ.

ಆಡಿಯೋ ಗೈಡ್ ಕನ್ನಡದಲ್ಲಿದೆ ಅಂತ ಖುಷಿ ಪಟ್ಟಿದ್ದೆ. ಮಷೀನ್ ಅನುವಾದ, ಮಷೀನ್ ಧ್ವನಿ. ಗುಮ್ಮಟ ಕೂರೋ ಬುಡಕ್ಕೆ ಇಂಗ್ಲಿಷಲ್ಲಿ ಡ್ರಮ್ ಅಂತಾರೆ, ಇವರು ಅದನ್ನ 'ಮುಖ್ಯ ಗುಮ್ಮಟವು ಎತ್ತರದ ಡೊಳ್ಳಿನ ಮೇಲೆ ನಿಂತಿದೆ' ಅಂತ ಮಾಡಿದಾರೆ. ಭಾವ ಪಾಪ ನಿಜವಾಗ್ಲೂ ಹುಡುಕಿದ್ರು, "ಡೊಳ್ಳ ಎಲ್ಲದನೋ ಇಲ್ಲಿ?" ಅಂತ. ಇನ್ನೊಂದು ಕಡೆ ಇದು ಸ್ಪೇನಿನ ಕೊರ್ಡೋಬಾ ಮಸೀದಿಯ ನಕಲು ಅಂತ ಬಿಡ್ತಾರೆ. ಎಲ್ಲ ಗೈಡುಗಳೂ ಹೇಳೋ ಮಾತೇ ಬಿಡಿ, ಆದ್ರೆ ಕೊರ್ಡೋಬಾದಲ್ಲಿ ಸಣ್ಣ ಸಣ್ಣ ಕಂಬದ ಮೇಲೆ ಎರಡಂತಸ್ತಿನ ಕೆಂಪು ಬಿಳಿ ಪಟ್ಟೆ ಕಮಾನು, ಜೊತೆಗೆ ಕಿತ್ತಳೆ ಗಿಡಗಳಿರೋ ದೊಡ್ಡ ಅಂಗಳ ಬೇರೆ ಇದೆ. ಅಂಗಳವೇ ಇಲ್ಲ ಅನ್ನೋದು ಈ ಮಸೀದಿಯ ವಿಶೇಷ ಅಂತ ಅದೇ ಆಡಿಯೋ ಎರಡು ನಿಮಿಷ ಮುಂಚೆ ಹೇಳಿತ್ತು!

ವಿಜಯಪುರದ್ದು ಬೇಗ ಮುಗಿಸ್ತೀನಿ, ಯಾಕಂದ್ರೆ ಅವರೂ ಬೇಗ ಮುಗಿಸಿದಾರೆ. ಗೋಳಗುಮ್ಮಟಕ್ಕೆ ಸೀಳಿ ನೋಡೋದೇ ಇಲ್ಲ, ಬರೀ ನಾಲ್ಕು 360 ಡಿಗ್ರಿ ಫೋಟೋ. 1656ರ ಹೊತ್ತಿಗೆ ಮುಗಿದಿದ್ದು, ಹೊರಗಿಂದ 44 ಮೀಟರ್ ಅಗಲದ ಗುಮ್ಮಟ, ಒಳಗೆ ಒಂದೇ ಒಂದು ಕಂಬ ಇಲ್ಲ, ಚೌಕ ಕೋಣೆ ಮೇಲೆ ದುಂಡು ಗುಮ್ಮಟ ಹೇಗೆ ಕೂತಿದೆ ಅನ್ನೋದೇ ಅಲ್ಲಿನ ಮ್ಯಾಜಿಕ್, ಎಂಟು ಕಮಾನು ಒಂದನ್ನೊಂದು ಕತ್ತರಿಸ್ಕೊಂಡು ನಕ್ಷತ್ರ ಆಗತ್ತಲ್ಲ, ಅದನ್ನ ತಾನೇ ತೋರಿಸ್ಬೇಕಿದ್ದು? ಅದು ಬಿಟ್ಟು 'ಪ್ರತಿಧ್ವನಿ ಅನುಭವಿಸಿ' ಅಂತ ಬಟನ್. ಒತ್ತಿದ್ರೆ ಫೋನಿಂದ ಯಾರೋ ಚಪ್ಪಾಳೆ ತಟ್ತಾರೆ. ಮೇಲೆ ಗ್ಯಾಲರೀಲಿ ಒಂದು ಇಡೀ ಶಾಲೆ ಮಕ್ಕಳು ಕೂ ಕೂ ಅಂತ ಕಿರುಚ್ತಿದ್ರು, ಅದೇ ಏಳೇಳು ಸಲ ವಾಪಸ್ ಬರ್ತಿತ್ತು, ಫೋನಿನ ಚಪ್ಪಾಳೆ ಕೇಳೋರ್ಯಾರು.

ಅಲ್ಲಿನ ಜಾಮಿಯಾ ಮಸೀದಿಗೆ ಹೋದದ್ದು ಶುಕ್ರವಾರ ಮಧ್ಯಾಹ್ನ, ಆ್ಯಪಲ್ಲಿ ಹಸಿರು ಅಕ್ಷರದಲ್ಲಿ 'ತೆರೆದಿದೆ' ಅಂತಿತ್ತು. ತೆರೆದೇ ಇತ್ತು, ಜುಮ್ಮಾ ನಮಾಜಿಗೆ. ಕ್ಯಾಮೆರಾ ನೇತಾಕ್ಕೊಂಡು ಪೆಚ್ಚಾಗಿ ನಿಂತಿದ್ದ ನಮ್ಮನ್ನ ನೋಡಿ ಒಬ್ಬ ಹಿರಿಯರು, "ನಮಾಜ್ ಮುಗೀಲಿ, ಆಮ್ಯಾಲ ಆರಾಮ ನೋಡ್ರಿ" ಅಂತ ನೆರಳಲ್ಲಿ ಕೂರಿಸಿ ನೀರು ಕೊಟ್ರು. ಜನ ಪ್ರಾರ್ಥನೆ ಮಾಡೋ ಜಾಗವನ್ನ ಬರೀ ಮಾನ್ಯುಮೆಂಟ್ ಅಂತ ಮ್ಯಾಪ್ ಮಾಡಿದ್ರೆ ಹೀಗೇ ಆಗೋದು. ನಮಾಜ್ ಟೈಮ್, ಚಪ್ಪಲಿ ಎಲ್ಲಿ ಬಿಡ್ಬೇಕು, ಒಂದಕ್ಷರ ಇಲ್ಲ ಅದರಲ್ಲಿ. ಆಮೇಲೆ ಒಳಗೆ ಹೋಗಿ, 1636ರಲ್ಲಿ ಚಿನ್ನದ ಬಣ್ಣ ಬಳಿಸಿದ ಮೆಹರಾಬು (ನಮಾಜಿನ ದಿಕ್ಕು ತೋರಿಸೋ ಗೋಡೆಯ ಗೂಡು), ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಅಂತ ಗೆರೆ ಎಳೆದಿರೋ ಸುಮಾರು 2,250 ಚೌಕ, ಎಲ್ಲ ಫೋನ್ ಜೇಬಲ್ಲಿಟ್ಕೊಂಡೇ ನೋಡಿದ್ವಿ.

ಕಲಬುರಗಿಗೆ ಮಾತ್ರ ಹೋಗೋರಿದ್ರೆ ತಗೊಳ್ಳಿ, ರಾತ್ರಿನೇ ವೈಫೈಲಿ ಡೌನ್‌ಲೋಡ್ ಮಾಡಿ, ಆಡಿಯೋ ಆಫ್ ಮಾಡಿ. ವಿಜಯಪುರಕ್ಕೆ ಬೇಡ, ಆ ದುಡ್ಡಲ್ಲಿ ಟಾಂಗಾ ಹತ್ತಿ. ಐದಕ್ಕೆ ಎರಡೂವರೆ ಕೊಡೋಣ ಅಂತಿದ್ದೆ, ಆ ಕತ್ತರಿಸೋ ಬಟನ್ನಿಗೋಸ್ಕರ ಮೂರು.

ಪಿನ್ ತಪ್ಪಿದೆ ಅಂತ ಅವರಿಗೆ ಸ್ಕ್ರೀನ್‌ಶಾಟ್ ಸಮೇತ ಮೇಲ್ ಹಾಕಿದ್ದೆ, 'ಮುಂದಿನ ಅಪ್‌ಡೇಟಲ್ಲಿ ಸರಿಯಾಗತ್ತೆ' ಅಂತ ರಿಪ್ಲೈ ಬಂತು. ಅಪ್‌ಡೇಟೂ ಬಂತು, ಐಕಾನ್ ಬಣ್ಣ ಬದಲಾಗಿದೆ. ಪಿನ್ ನಿನ್ನೆ ರಾತ್ರಿವರೆಗೂ ಕಂದಕದಲ್ಲೇ ಇತ್ತು.